300 ಜಿಎಸ್‌ಎಂ ವಾಟರ್‌ಕಲರ್ ಪ್ಯಾಡ್: ಬಣ್ಣಕ್ಕೆ ಸೈ, ಹೆಣೆಯೋಕೆ ಮೊಂಡು

ಎರಡು ವಾಟರ್‌ಕಲರ್ ಪೇಂಟಿಂಗನ್ನ ಪಟ್ಟಿ ಪಟ್ಟಿ ಕತ್ತರಿಸಿ ಚಾಪೆ ಥರ ಹೆಣೆಯೋ ಪ್ರಾಜೆಕ್ಟ್‌ಗೆ ಅಂತಾನೇ ಈ ಪ್ಯಾಡ್ ತಗೊಂಡಿದ್ದು. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗುತ್ತೆ ಅಂತ, ಜಾಸ್ತಿ ಇದ್ದಷ್ಟೂ ಪೇಪರ್ ದಪ್ಪ. ಎ4 ಸೈಜ್, 12 ಹಾಳೆ, ಕೋಲ್ಡ್ ಪ್ರೆಸ್ (ಮೇಲ್ಮೈ ಸ್ವಲ್ಪ ತರಿ ಇರೋದು), ಕಾಟನ್ ಅಲ್ಲ, ಮರದ ಪಲ್ಪಿಂದು. ಎಂಟು ಹಾಳೆ ಖಾಲಿ ಮಾಡಿದ್ಮೇಲೆ ಬರೀತಿದೀನಿ.

ಟೆಕ್ಸ್ಚರ್ ವಿಷ್ಯಕ್ಕೆ ಬಂದ್ರೆ ಕಣ್ಮುಚ್ಕೊಂಡು ತಗೋಬಹುದು. ಅಲ್ಟ್ರಾಮರೀನ್ ನೀಲಿ ದಟ್ಟವಾಗಿ ಬಳ್ದು, ನೀರಿನ ಹೊಳಪು ಇನ್ನೇನು ಆರ್ತಿದೆ ಅನ್ನೋ ಹೊತ್ತಿಗೆ ಕಲ್ಲುಪ್ಪು ಉದುರಿಸ್ದೆ, ಹರಳು ಬಿದ್ದ ಕಡೆಯೆಲ್ಲಾ ನೀರು ಬಣ್ಣ ಎರಡೂ ಹೀರ್ಕೊಂಡು ಬೆಳ್ಳಗೆ ಚುಕ್ಕಿ ಅರಳ್ತು ನೋಡಿ, ಜೊತೆಗೆ ಈ ನೀಲಿ ಸ್ವಲ್ಪ ತರಿ ತರಿ ಇರೋದ್ರಿಂದ ಪೇಪರಿನ ಕುಳಿಗಳಲ್ಲಿ ಕೂತು ಇನ್ನೂ ಚೆನ್ನಾಗಿ ಕಾಣುತ್ತೆ. ಆದ್ರೆ ಪಲ್ಪ್ ಪೇಪರ್ ಬೇಗ ಒಣಗುತ್ತೆ, ಫೋನ್ ನೋಡ್ತಾ ಕೂತ್ರೆ ಉಪ್ಪು ಸುಮ್ನೆ ಮೇಲೆ ಬಿದ್ದಿರುತ್ತೆ ಅಷ್ಟೆ. ಎರಡನೇ ಹಾಳೆಗೆ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಹಾಕಿ, ಹಸಿ ಇರುವಾಗ್ಲೇ ತೆಳು ಪ್ಲಾಸ್ಟಿಕ್ ಮುದುರಿ ಮುಚ್ಚಿ ರಾತ್ರಿಯಿಡೀ ಬಿಟ್ಟೆ, ಬೆಳಗ್ಗೆ ಬಂಡೆ ಬಿರುಕು ಬಿಟ್ಟಂಗೆ ಗೆರೆಗಳು. ನಾಕೂ ಕಡೆ ಮಾಸ್ಕಿಂಗ್ ಟೇಪ್ ಹಾಕಿದ್ರಿಂದ ಹಾಳೆ ಅಷ್ಟೇನೂ ಸೊಟ್ಟಗಾಗ್ಲಿಲ್ಲ, ಟೇಪ್ ಕೀಳುವಾಗ ಅಂಚಲ್ಲಿ ಪೇಪರ್ ಸಿಪ್ಪೆ ಎದ್ದಿದ್ದು ನಿಜ, ಹೆಂಗೂ ಆ ಅಂಚು ಕತ್ತರಿಸೋದೇ ಅಲ್ವಾ.

ಪೇಚಾಟ ಶುರುವಾಗಿದ್ದು ಹೆಣೆಯೋಕೆ ಕೂತಾಗ. ಹಾಸಿನ (ಉದ್ದಕ್ಕೆ ಇರೋ ಪಟ್ಟಿಗಳ) ಹಾಳೇಲಿ ಮೇಲ್ಗಡೆ 2 ಸೆಂ.ಮೀ. ಬಿಟ್ಟು 1 ಸೆಂ.ಮೀ. ಅಗಲಕ್ಕೆ ಸೀಳ್ದೆ, ಹೊಕ್ಕಿನ (ಅಡ್ಡಕ್ಕೆ ತೂರಿಸೋ ಪಟ್ಟಿಗಳ) ಹಾಳೇನ ಪೂರ್ತಿ ಕತ್ತರಿಸಿ ಹಿಂದ್ಗಡೆ ಪೆನ್ಸಿಲಲ್ಲಿ ನಂಬರ್ ಹಾಕ್ದೆ (ಹಾಕ್ಲಿಲ್ಲ ಅಂದ್ರೆ ಯಾವ ಪಟ್ಟಿ ಎಲ್ಲಿದು ಅಂತ ದೇವ್ರಿಗೂ ಗೊತ್ತಾಗಲ್ಲ). ಮೇಲೆ ಬಿಟ್ಟ 2 ಸೆಂ.ಮೀ. ಕಳೆದ್ರೂ 29 ಪಟ್ಟೀಲಿ 27 ಹಿಡಿಸ್ಬೇಕಿತ್ತು, ಹಿಡಿಸಿದ್ದು 24! ಈ ದಪ್ಪದ ಪೇಪರ್ ಒಂದು ಮೇಲೆ ಒಂದು ಕೆಳಗೆ ಬಾಗುವಾಗ ಪ್ರತಿ ಸಾಲಲ್ಲೂ ಒಂದಿಷ್ಟು ಜಾಗ ತಿನ್ನುತ್ತೆ, ಎಷ್ಟು ಒತ್ತಿದ್ರೂ ಸಂದಿ ಮುಚ್ಚಲ್ಲ. ಅದ್ರ ಮೇಲೆ ಕತ್ತರಿಸಿದ ಅಂಚಲ್ಲಿ ಬಿಳಿ ಗೆರೆ, ಬಣ್ಣ ಇರೋದು ಮೇಲ್ಮೈಲಿ ಮಾತ್ರ ತಾನೆ. ನನ್ ಫ್ರೆಂಡ್ ಅದೇ ಚೆನ್ನಾಗಿದೆ ಅಂದ್ಲು, ನಂಗೆ ಕಿರಿಕಿರಿ ಆಗಿ ಅದೇ ಬಣ್ಣ ತೆಳ್ಳಗೆ ಮಾಡಿ ಒಂದೊಂದು ಅಂಚಿಗೂ ಬ್ರಶ್ ಸವರ್ದೆ, ಸಂಜೆ ಪೂರ್ತಿ ಹೋಯ್ತು. ಕಟರಿನ ಬ್ಲೇಡ್ ಮೊಂಡಾದ್ರಂತೂ ಅಂಚು ಹತ್ತಿ ಬಿಟ್ಟಂಗೆ ಏಳುತ್ತೆ, ಆಗಾಗ ತುದಿ ಮುರ್ದು ಹೊಸದು ಮಾಡ್ಕೊಳ್ಳಿ.

ಇನ್ನೊಂದು ತಪ್ಪು ನಂದೇ, ಉಪ್ಪನ್ನ ಸರಿಯಾಗಿ ಉಜ್ಜಿ ತೆಗ್ದಿರ್ಲಿಲ್ಲ, ಪಟ್ಟಿ ತೂರಿಸುವಾಗ ಹರಳು ಸಿಕ್ಕಾಕ್ಕೊಂಡು ಸಿಯೆನ್ನಾ ಮೇಲೆ ಗೀರು ಬಿತ್ತು.

ಆಮೇಲಿನ ಸಲ ಹಾಸಿನ ಹಾಳೆಗೆ ಇದೇ ಪೇಪರ್ ಇಟ್ಕೊಂಡು ಹೊಕ್ಕಿಗೆ ಮಾತ್ರ 200 ಜಿಎಸ್‌ಎಂ ಹಾಕಿ ನೋಡ್ದೆ. ತೆಳು ಪೇಪರಲ್ಲಿ ಒದ್ದೆ ಜಾಸ್ತಿ ಆದ್ರೆ ಅಲೆ ಅಲೆ ಆಗುತ್ತೆ, ಒಣಗಿದ್ಮೇಲೆ ಭಾರದ ಪುಸ್ತಕದ ಕೆಳಗೆ ಒಂದಿನ ಇಡ್ಬೇಕು, ಆದ್ರೆ 26 ಪಟ್ಟಿ ಹಿಡಿಸ್ತು, ಸಂದಿನೂ ಕಮ್ಮಿ. ಬರೀ ಪೇಂಟಿಂಗ್‌ಗೆ ಆದ್ರೆ 5ಕ್ಕೆ 4.5 ಕೊಡ್ತೀನಿ, ಹೆಣೆಯೋಕೆ 3. ಉಳಿದ ನಾಕು ಹಾಳೆ ಹಾಸಿನ ಪಟ್ಟಿಗಳಿಗೇನೇ.