ಪುನರ್ಪುಳಿ, ವೀಳ್ಯದೆಲೆ ಸಾರಕ್ಕೆ ಯಾವ ಬಯೋಫಿಲ್ಮ್ ಪರೀಕ್ಷೆ?

ಕಾಸರಗೋಡಿನ ಹಿತ್ತಲಲ್ಲೇ ಸಿಗುವ ಪುನರ್ಪುಳಿ ಸಿಪ್ಪೆ, ವೀಳ್ಯದೆಲೆಯನ್ನು ಪ್ರಾಜೆಕ್ಟ್‌ಗೆ ಆರಿಸಿ, ಅವುಗಳ ಸಾರ ಬಯೋಫಿಲ್ಮನ್ನು (ಬ್ಯಾಕ್ಟೀರಿಯಾ ಮೇಲ್ಮೈಗೆ ಅಂಟಿ ಕಟ್ಟುವ ಪದರ) ತಡೆಯುತ್ತದೆಯೇ ಎಂದು ನೋಡುವವರ ಮುಂದೆ ಮೂರು ದಾರಿ: ಕ್ರಿಸ್ಟಲ್ ವಯೊಲೆಟ್, ರೆಸಜುರಿನ್, ಕಾಲೊನಿ ಎಣಿಕೆ.

ಖರ್ಚು ಕಡಿಮೆ ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್‌ಗೆ. 96 ಗುಳಿಗಳ ಪ್ಲೇಟಿನಲ್ಲಿ ಸಾರದ ಜತೆ ಬ್ಯಾಕ್ಟೀರಿಯಾವನ್ನು 24 ಗಂಟೆ ಬೆಳೆಸಿ, ತೊಳೆದು, 0.1% ಬಣ್ಣ ಹಾಕಿ 15 ನಿಮಿಷ ಬಿಡಿ. ಮತ್ತೆ ತೊಳೆದು ಒಣಗಿಸಿ, 30% ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಬೆಳಕು ಎಷ್ಟು ಹೀರಿಕೊಂಡಿತೆಂದು 550 ನ್ಯಾನೊಮೀಟರ್‌ನಲ್ಲಿ ಓದಿ. ಎಡವುವುದು ತೊಳೆಯುವಾಗ: ಪಿಪೆಟ್ಟಿನಿಂದ ತಳಕ್ಕೇ ನೀರು ಚಿಮ್ಮಿಸಿದರೆ ಪದರ ಕಿತ್ತು ಬರುತ್ತದೆ, ಸಾರವೇ ಕೆಲಸ ಮಾಡಿತು ಅನ್ನಿಸುತ್ತದೆ. ಸತ್ತ ಕೋಶಕ್ಕೂ ಬಣ್ಣ ಹತ್ತುವುದರಿಂದ ಪದರ ಎಷ್ಟಿದೆ ಎಂದಷ್ಟೇ ತಿಳಿಯುತ್ತದೆ.

ಬದುಕಿರುವ ಕೋಶ ಬೇಗ ನೋಡಲು ರೆಸಜುರಿನ್ ಬಣ್ಣ: ಅಂಥ ಕೋಶಗಳಿದ್ದರೆ ನೀಲಿ ಗುಲಾಬಿಯಾಗುತ್ತದೆ. ಆದರೆ ಗಿಡದಲ್ಲಿರುವ ರಾಸಾಯನಿಕಗಳಾದ ಪಾಲಿಫಿನಾಲ್‌ಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಅದನ್ನು ಗುಲಾಬಿ ಮಾಡಬಲ್ಲವು. ಪುನರ್ಪುಳಿಯ ಕೆಂಪು ಬೇರೆ ಸೇರಿದರೆ ಓದುವುದು ಕಷ್ಟವೇ. ಬ್ಯಾಕ್ಟೀರಿಯಾ ಇಲ್ಲದೆ ಸಾರ, ರೆಸಜುರಿನ್ ಮಾತ್ರ ಹಾಕಿದ ಗುಳಿ ಇಡಲೇಬೇಕು.

ಪದರ ಕೆರೆದು ತಟ್ಟೆಯಲ್ಲಿ ಬೆಳೆಸಿ, ಮೂಡಿದ ಬ್ಯಾಕ್ಟೀರಿಯಾ ಗುಂಪುಗಳನ್ನು ಲೆಕ್ಕ ಹಾಕುವ ಕಾಲೊನಿ ಎಣಿಕೆ ಬೆವರಿಳಿಸುವ ಕೆಲಸ. ಕೆರೆದ ಪದರದ ಗಂಟು ಸರಿಯಾಗಿ ಒಡೆಯದಿದ್ದರೆ ಲೆಕ್ಕ ಕಡಿಮೆ ಬರುತ್ತದೆ.

ಹತ್ತಾರು ಸಾರಗಳನ್ನು ಪರೀಕ್ಷಿಸಿ ಆರಿಸಬೇಕಾದರೆ ಕ್ರಿಸ್ಟಲ್ ವಯೊಲೆಟ್. ಎರಡು-ಮೂರು ಉಳಿದು, ಬೆಳೆದ ಪದರವನ್ನು ಕೊಲ್ಲುತ್ತವೆ ಎನ್ನಬೇಕಿದ್ದರೆ ಎಣಿಕೆ. ಬಣ್ಣವಿಲ್ಲದ ಶುದ್ಧ ಅಂಶ ಕೈಗೆ ಬಂದಾಗ ರೆಸಜುರಿನ್ ಸಲೀಸು. ಯಾವುದಾದರೂ ಸರಿ, ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ ಮೊದಲು ಕಂಡುಕೊಂಡು, ಅದರ ಅರ್ಧ, ಕಾಲು ಭಾಗದಲ್ಲಿ ಪದರ ಕಟ್ಟುವುದನ್ನು ನೋಡಿ. ಸಾರ ಕರಗಿಸುವ ದ್ರಾವಕ ಡಿಎಂಎಸ್ಒ 1% ಮೀರದಿರಲಿ.