ಅಗ್ಗದ ಪ್ರೋಗ್ರಾಮರ್‌ಗೆ ಹೊಸ ಸಾಕೆಟ್: ಮೂರನ್ನು ಹಾಕಿ ನೋಡಿದ ಮೇಲೆ

ಮೆಮೊರಿ ಚಿಪ್ಪುಗಳನ್ನು ಓದುವ, ಬರೆಯುವ ಸಾಧನವಾದ ನನ್ನ ಪ್ರೋಗ್ರಾಮರ್‌ನಲ್ಲಿ ಒಂದೇ 27ಸಿ256 ಎಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ) ಚಿಪ್ಪನ್ನು ಮೂರು ಸಲ ಓದಿಸಿದರೆ ಮೂರು ಬೇರೆ ಬೇರೆ ಚೆಕ್‌ಸಮ್ (ಓದಿದ ದತ್ತಾಂಶದಿಂದ ಲೆಕ್ಕ ಹಾಕುವ ತಾಳೆ ಸಂಖ್ಯೆ) ಬರುತ್ತಿತ್ತು. ತಂತ್ರಾಂಶವನ್ನೂ ಯುಎಸ್‌ಬಿ ಕೇಬಲನ್ನೂ ಶಂಕಿಸುತ್ತಾ ಎರಡು ಸಂಜೆ ಕಳೆದೆ. ಕೊನೆಗೆ ಚಿಪ್ಪನ್ನು ಬೆರಳಿನಿಂದ ಒತ್ತಿ ಹಿಡಿದು ಓದಿಸಿದಾಗ ಮೂರೂ ಸಲ ಒಂದೇ ಉತ್ತರ ಬಂತು. ದೋಷವಿದ್ದದ್ದು ಪ್ರೋಗ್ರಾಮರ್ ಮೇಲಿನ 40 ಪಿನ್ನಿನ ಜಿಫ್ ಸಾಕೆಟ್ಟಿನಲ್ಲಿ, ಅಂದರೆ ಒತ್ತದೆ ಚಿಪ್ ಇಟ್ಟು ಲಿವರ್‌ನಿಂದ ಬಿಗಿಯುವ ಸಾಕೆಟ್ಟಿನಲ್ಲಿ. ಲಿವರ್ ಪೂರ್ತಿ ಮಡಚಿದರೂ ಒಳಗಿನ ತಗಡುಗಳು ಚಿಪ್ಪಿನ ಕಾಲುಗಳನ್ನು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. 28 ಪಿನ್ನಿನ ಚಿಪ್ ಯಾವಾಗಲೂ ಒಂದೇ ತುದಿಯಲ್ಲಿ ಕೂರುವುದರಿಂದ ಆ ಭಾಗವೇ ಮೊದಲು ಸವೆದಿತ್ತು.

ಮೊದಲು ಹಾಕಿದ್ದು ಅದೇ ಬಗೆಯ, ಅದೇ ಬಣ್ಣದ ಅಗ್ಗದ ಜಿಫ್. ಅಳತೆ ಕರಾರುವಾಕ್ಕಾಗಿ ಹೊಂದಿತು, ಆದರೆ ಬೆಸುಗೆಯ ಬಿಸಿಗೆ ಪ್ಲಾಸ್ಟಿಕ್ ಮೆದುವಾಗಿ ಎರಡು ಕಾಲುಗಳು ಓರೆಯಾದವು. ಕೆಲವೇ ವಾರಗಳಲ್ಲಿ ಹಳೆಯ ಕಾಟ ಮರಳಿತು.

ಎರಡನೆಯದು ದುಂಡು ರಂಧ್ರದ, ಕಡೆದು ಮಾಡಿದ ಪಿನ್ನುಗಳ ಸಾಕೆಟ್. ಹಿಡಿತದ ವಿಷಯದಲ್ಲಿ ಇದನ್ನು ಮೆಚ್ಚಲೇಬೇಕು. ಓದುವಾಗ ಒಂದು ಬಿಟ್ ಕೂಡ ತಪ್ಪಲಿಲ್ಲ. ಆದರೆ ಪ್ರತಿ ಸಲವೂ ಚಿಪ್ಪನ್ನು ಮೀಟಿ ಎಬ್ಬಿಸಬೇಕು, ಕಾಲುಗಳು ಬಾಗುತ್ತವೆ. ಸಾಲುಗಳ ನಡುವೆ 15.24 ಮಿ.ಮೀ. ಅಂತರವಿರುವುದರಿಂದ 7.62 ಮಿ.ಮೀ. ಅಗಲದ ಸಣ್ಣ ಚಿಪ್ಪುಗಳು ಕೂರುವುದೇ ಇಲ್ಲ. ವರ್ಷಕ್ಕೆ ನಾಲ್ಕೈದು ಎಪ್ರಾಮ್ ಬರೆಯುವವರಿಗೆ ಇಷ್ಟು ಸಾಕು.

ಮೂರನೆಯದು ಟೆಕ್ಸ್‌ಟೂಲ್ ಬ್ರ್ಯಾಂಡಿನ ಅಸಲಿ ಜಿಫ್. ಬೆರಿಲಿಯಂ ತಾಮ್ರದ ಸಂಪರ್ಕಗಳು, ನಿಕಲ್ ಮೇಲೆ ಚಿನ್ನದ ಲೇಪ. ಲಿವರ್ ಮಡಚುವಾಗಲೇ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ: ಎಲ್ಲ ಕಾಲುಗಳೂ ಒಟ್ಟಿಗೆ ಬಿಗಿಯುತ್ತವೆ. ದುಬಾರಿ, ನಿಜ. ಅದೇ ಹೆಸರು ಅಚ್ಚಾದ ನಕಲುಗಳೂ ಓಡಾಡುತ್ತಿವೆ, ಆದ್ದರಿಂದ ನಂಬಿಕಸ್ಥ ಬಿಡಿಭಾಗ ವಿತರಕರಿಂದಲೇ ಕೊಳ್ಳಬೇಕು. ಎರಡೂ ಅಗಲಗಳ ಚಿಪ್ ಹಿಡಿಯುವ ಉದ್ದ ಸೀಳಿನ ಮಾದರಿ ಹೌದೇ ಎಂದು ನೋಡಿಕೊಳ್ಳಿ. ಸಾಕೆಟ್ ಕೂರುವ ಪ್ರೋಗ್ರಾಮರ್ ಪೆಟ್ಟಿಗೆಯ ಕಿಂಡಿಯನ್ನೂ ಮೊದಲೇ ಅಳೆಯಿರಿ.

ನನ್ನ ಆಯ್ಕೆ ಇದೇ. ಆದರೆ ಯಾವುದನ್ನು ಹಾಕಿದರೂ ಬೋರ್ಡ್ ಉಳಿಯುವುದು ಹಳೆಯದನ್ನು ತೆಗೆಯುವ ರೀತಿಯಿಂದ. ನಲವತ್ತು ಕಾಲುಗಳನ್ನೂ ಒಟ್ಟಿಗೆ ಎಬ್ಬಿಸಲು ಹೋದರೆ ಪ್ಯಾಡುಗಳು (ಕಾಲುಗಳನ್ನು ಬೆಸೆಯುವ ಬೋರ್ಡಿನ ತಾಮ್ರದ ಬಿಲ್ಲೆಗಳು) ಕಿತ್ತು ಬರುತ್ತವೆ. ಸಾಕೆಟ್ಟಿನ ಪ್ಲಾಸ್ಟಿಕ್ಕನ್ನು ಕಟ್ಟರ್‌ನಿಂದ ತುಂಡು ತುಂಡಾಗಿ ಕತ್ತರಿಸಿ. ಹಳೆಯ ಸಾಕೆಟ್ಟನ್ನು ಉಳಿಸಿಕೊಳ್ಳುವ ಆಸೆ ಬೇಡ. ಬಳಿಕ ಪ್ರತಿ ಕಾಲಿಗೂ ಫ್ಲಕ್ಸ್ (ಬೆಸುಗೆ ಸರಾಗವಾಗಿ ಹರಿಯಲು ಹಚ್ಚುವ ಅಂಟು) ಮತ್ತು ತುಸು ಹೊಸ ಬೆಸುಗೆ ಕೊಟ್ಟು, ಕರಗಿದೊಡನೆ ಚಿಮುಟದಿಂದ ಎಳೆಯಿರಿ. ಗ್ರೌಂಡ್‌ಗೆ ಸೇರಿದ ಕಾಲುಗಳು ಬಿಸಿಯನ್ನು ಬೋರ್ಡಿನ ತಾಮ್ರಕ್ಕೆ ಬಿಟ್ಟುಕೊಡುತ್ತವೆ. ಅಲ್ಲಿ ಅಗಲ ತುದಿಯ ಐರನ್ ಬೇಕು, ಅವಸರ ಬೇಡ. ರಂಧ್ರಗಳನ್ನು ಬೆಸುಗೆ ಹೀರುವ ತಾಮ್ರದ ಜಾಲರಿಯಿಂದ ಕೊನೆಗೆ ಶುಚಿ ಮಾಡಿದರಾಯಿತು.

ಟೆಕ್ಸ್‌ಟೂಲ್ ಕೂರಿಸಿ ಅದೇ 27ಸಿ256 ಚಿಪ್ಪನ್ನು ತೆಗೆದು ಹಾಕಿ ಇಪ್ಪತ್ತು ಸಲ ಓದಿಸಿದೆ. ಇಪ್ಪತ್ತೂ ಸಲ ಒಂದೇ ಚೆಕ್‌ಸಮ್. ಹಳೆಯ ಸಾಕೆಟ್ಟಿನಲ್ಲಿ ಓದಿ ಉಳಿಸಿದ್ದ ಕಡತಗಳನ್ನು ಈಗ ಮೂಲ ಚಿಪ್ಪುಗಳೊಂದಿಗೆ ಒಂದೊಂದಾಗಿ ಹೋಲಿಸುತ್ತಿದ್ದೇನೆ. ಈವರೆಗೆ ಎರಡು ತಪ್ಪಾಗಿವೆ.