ಐಸಿಎಲ್7660, ಬಹಳ ಕಾಲ ಬಳಸಿದ ಮೇಲೆ: ಮೈನಸ್ ವೋಲ್ಟ್‌ಗೆ ಇದೇ ಬೇಕಾ?

ಪ್ರೋಗ್ರಾಮ್ ಹಾಕಿ ಓಡಿಸುವ ಪುಟ್ಟ ಬೋರ್ಡ್ ಆರ್ಡುಯಿನೋ ಉನೋದಲ್ಲಿ 5 ವೋಲ್ಟ್ ಸಿಗುತ್ತದೆ, 3.3 ಸಿಗುತ್ತದೆ. ಮೈನಸ್ ಮಾತ್ರ ನಾವೇ ಮಾಡಿಕೊಳ್ಳಬೇಕು. ಐಸಿಎಲ್7660 ಅನ್ನುವ ಎಂಟು ಕಾಲಿನ ಈ ಪುಟ್ಟ ಐಸಿಗೆ ಎರಡು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಕು, 5 ಕೊಟ್ಟರೆ ಮೈನಸ್ 5 ಬರುತ್ತದೆ. ಕಾಯಿಲ್ ಬೇಡ, ಪ್ರೋಗ್ರಾಮ್ ಬೇಡ.

ನನಗೆ ಇದು ಹೆಚ್ಚು ಕೆಲಸಕ್ಕೆ ಬಂದಿದ್ದು ಎಲ್ಎಂ358 ಜೊತೆ, ಅಂದರೆ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಆಪ್-ಆಂಪ್ ಐಸಿ. ಅದರ ಮೈನಸ್ ಸಪ್ಲೈ ಕಾಲನ್ನು ಗ್ರೌಂಡಿಗೆ ಕೊಟ್ಟರೆ ಔಟ್‌ಪುಟ್ ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ, ಕೆಲವು ಮಿಲಿವೋಲ್ಟ್ ಮೇಲೆಯೇ ನಿಂತುಬಿಡುತ್ತದೆ. ಉನೋದ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಹಾಗಾಗಿ ಸೆನ್ಸರ್ ಮೇಲೆ ಏನೂ ಇಲ್ಲದಿದ್ದರೂ 2, 3 ಅಂತ ತೋರಿಸುತ್ತಲೇ ಇರುತ್ತದೆ. ಮೈನಸ್ ಸಿಕ್ಕಿದ ಕೂಡಲೇ ಸೊನ್ನೆ ನಿಜವಾದ ಸೊನ್ನೆಯಾಯಿತು. ಆದರೆ ಈಗ ಔಟ್‌ಪುಟ್ ಸೊನ್ನೆಗಿಂತ ಕೆಳಗೂ ಹೋಗಬಹುದು, ಅದು ಎಡಿಸಿ ಪಿನ್ನಿಗೆ ಒಳ್ಳೆಯದಲ್ಲ. ನಡುವೆ ಒಂದು 10 ಕಿಲೋಓಮ್ ರೆಸಿಸ್ಟರ್ ಇಡಿ.

ತಕರಾರು ಏನು ಅಂದರೆ, ಲೋಡ್ ಬಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಒಳಗಿನ ರೆಸಿಸ್ಟೆನ್ಸ್ ಸುಮಾರು 55 ಓಮ್. 10 ಮಿಲಿಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಹೋಯಿತು. ಇನ್ನೊಂದು, ಶಿಳ್ಳೆ. ಆಸಿಲೇಟರ್ 10 ಕಿಲೋಹರ್ಟ್ಸ್, ಒಳಗೆ ಅದು ಅರ್ಧವಾಗಿ 5 ಕಿಲೋಹರ್ಟ್ಸ್‌ನಲ್ಲಿ ಪಂಪ್ ಓಡುತ್ತದೆ. ಆಡಿಯೋ ಸರ್ಕ್ಯೂಟಿನಲ್ಲಿ ಇದು ಚೆನ್ನಾಗಿ ಕೇಳಿಸುತ್ತದೆ, ಅದೇ ಬೇಜಾರು. 7660ಎಸ್ ತಗೊಂಡು ಒಂದನೇ ಕಾಲನ್ನು ಪ್ಲಸ್ ಸಪ್ಲೈಗೆ ಜೋಡಿಸಿದರೆ ವೇಗ ಹೆಚ್ಚಿ ಕಿರಿಕಿರಿ ತಗ್ಗುತ್ತದೆ. ಸಾದಾ 7660ಕ್ಕೆ 12 ವೋಲ್ಟ್ ಅಡಾಪ್ಟರ್ ಮಾತ್ರ ಕೊಡಬೇಡಿ. ಅದರ ಮಿತಿ 10 ವೋಲ್ಟ್.

ಒಂದೆರಡು ಮಿಲಿಆಂಪಿಯರ್ ಸಾಕು ಅನ್ನುವಲ್ಲಿ ನಾನು ಈಗ ಐಸಿಯನ್ನೇ ಹಾಕುವುದಿಲ್ಲ. ಉನೋದ 9ನೇ ಪಿನ್ನಿನಿಂದ 10 ಕಿಲೋಹರ್ಟ್ಸ್ ಚೌಕ ಅಲೆ, 100 ಓಮ್, 1 ಮೈಕ್ರೋಫ್ಯಾರಡ್, ಎರಡು 1ಎನ್5819 ಡಯೋಡ್, ಕೊನೆಗೆ 10 ಮೈಕ್ರೋಫ್ಯಾರಡ್. ಪಿನ್ ಮೇಲಿದ್ದಾಗ ಮೊದಲ ಕೆಪಾಸಿಟರ್ ತುಂಬುತ್ತದೆ. ಪಿನ್ ಕೆಳಗಿಳಿದಾಗ ಅದರ ಇನ್ನೊಂದು ತುದಿ ಗ್ರೌಂಡಿಗಿಂತ ಕೆಳಗೆ ಜಾರುತ್ತದೆ, ಆ ಚಾರ್ಜ್ ಎರಡನೇ ಕೆಪಾಸಿಟರಿಗೆ ಹೋಗುತ್ತದೆ. ಕೊನೆಯ ಕೆಪಾಸಿಟರಿನ ಪ್ಲಸ್ ಕಾಲು ಗ್ರೌಂಡಿಗೆ ಬರಬೇಕು, ಎಲ್ಲರ ಕೈಯೂ ಇಲ್ಲೇ ತಪ್ಪುತ್ತದೆ. ಲೋಡ್ ಇಲ್ಲದಾಗ ಮೈನಸ್ ನಾಲ್ಕೂವರೆ ಹತ್ತಿರ, 2 ಮಿಲಿಆಂಪಿಯರ್ ಎಳೆದರೆ ಮೈನಸ್ ಮೂರು ಚಿಲ್ಲರೆ. ಎಲ್ಎಂ358ಕ್ಕೆ ಇಷ್ಟು ಸಾಕು ಅಲ್ವಾ? 3.3 ವೋಲ್ಟ್ ಬೋರ್ಡಿನಲ್ಲಿ 16x2 ಎಲ್‌ಸಿಡಿ ಮಂಕಾಗಿ ಕಂಡರೂ ಇದೇ ಉಪಾಯ: ಮೂರನೇ ಕಾಲಿಗೆ ಪೊಟೆನ್ಷಿಯೋಮೀಟರ್ ಮೂಲಕ ಚೂರು ಮೈನಸ್ ಕೊಟ್ಟರೆ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತವೆ.

ಪಿನ್ನಿನಿಂದಲೇ ಮೈನಸ್ ಮಾಡುವ ಈ ಉಪಾಯಕ್ಕೆ ಉನೋ ಚಿಪ್ಪಿನೊಳಗಿನ ಟೈಮರ್ 1 ಮೀಸಲಿಡಬೇಕು. ಸರ್ವೋ ಮೋಟಾರ್ ಓಡಿಸುವ ಲೈಬ್ರರಿಗೂ ಅದೇ ಟೈಮರ್ ಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ. ಬೋರ್ಡ್ ರೀಸೆಟ್ ಆದರೆ ಪಿನ್ ಸುಮ್ನಾಗುತ್ತದೆ, ಮೈನಸ್ ಮಾಯ. ಬ್ಯಾಟರಿ ಉಳಿಸಲು ಚಿಪ್ ನಿದ್ದೆ ಮಾಡಿದರೂ ಅದೇ ಕಥೆ. ಅಂಥ ಕಡೆ 7660 ಬಿಡುವಂತಿಲ್ಲ.

ಕೊಳ್ಳುವಾಗ ಒಂದು ಮಾತು. ಮಾರ್ಕೆಟ್ಟಿನಲ್ಲಿ ಡುಪ್ಲಿಕೇಟ್ ಜಾಸ್ತಿ. ಬ್ರೆಡ್‌ಬೋರ್ಡಿನಲ್ಲಿ 5 ವೋಲ್ಟ್ ಕೊಟ್ಟು, ಔಟ್‌ಪುಟ್ಟಿಗೆ 1 ಕಿಲೋಓಮ್ ಹಾಕಿ ಮೀಟರ್ ಹಿಡಿಯಿರಿ. ಮೈನಸ್ 4.7 ಹತ್ತಿರ ತೋರಿಸಬೇಕು. ನಾಲ್ಕೂವರೆಯನ್ನೂ ಮುಟ್ಟದಿದ್ದರೆ ಅದನ್ನು ಬೋರ್ಡಿಗೆ ಬೆಸುಗೆ ಹಾಕಬೇಡಿ.